ಬಾವಡಿ ನೋಟುಗಳನ್ನು ಟ್ಯಾಬ್‌ನಲ್ಲಿ ಜೋಡಿಸಲು ಹಿಡಿದ ಆರು ವಾರ

"ಅಕ್ಕೋರ, ಈ ಕಮಾನು ಎಷ್ಟ್ ಅಗಲ ಐತ್ರಿ? ನಮ್ಮ ಸಾಲಿಕಿಂತ ದೊಡ್ಡದೇನ್ರಿ?"

ವಿಜಯಪುರದ ತಾಜ್ ಬಾವಡಿ, ಅಂದರೆ ಮೆಟ್ಟಿಲಿಳಿದು ಹೋಗುವ ಹಳೆಯ ದೊಡ್ಡ ಬಾವಿ, ಅದರ ಮುಂದೆ ನಿಂತು ಎಂಟನೇ ತರಗತಿಯ ಹುಡುಗಿ ಕೇಳಿದಳು. ಉತ್ತರ ನನ್ನ ಕೈಯಲ್ಲಿದ್ದ ಟ್ಯಾಬ್‌ನಲ್ಲೇ ಇತ್ತು. ನಾನೇ ಬರೆದುಕೊಂಡಿದ್ದೆ, ಅದೂ ಚೆನ್ನಾಗಿ ನೆನಪಿತ್ತು. ಹತ್ತು ನಿಮಿಷ ಹುಡುಕಿದೆ. ಮಕ್ಕಳು ಬಿಸಿಲಲ್ಲಿ ಕಾದರು. ಸಿಗಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಆ ರಾತ್ರಿ ಊಟ ಆದಮೇಲೆ ಕೂತು ಮತ್ತೆ ಮುಕ್ಕಾಲು ಗಂಟೆ ಹುಡುಕಿದಾಗ "ಹೊಸ ನೋಟು 57" ಎಂಬ ಹೆಸರಿನ ಪುಟದ ಕೆಳತುದಿಯಲ್ಲಿ ಸಿಕ್ಕಿತು: ಸುಮಾರು 35 ಅಡಿ.

ಕೂಡಿಹಾಕಿದ್ದು ಬೇಕಾದಾಗ ಸಿಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ದಸರಾ ರಜೆ ಶುರುವಾದ ದಿನವೇ ಕೆಲಸ ಹಿಡಿದೆ. ಏನು ಮಾಡಿದೆ, ಎಲ್ಲಿ ಕೆಡಿಸಿದೆ, ಎಲ್ಲಿ ಸರಿಹೋಯಿತು, ಎಲ್ಲ ಬರೆದಿಡುತ್ತಿದ್ದೇನೆ. ಕನ್ನಡದಲ್ಲಿ ನೋಟು ಮಾಡುವವರಿಗೆ ಇದರಲ್ಲಿ ಒಂದೆರಡು ವಿಷಯ ಖಂಡಿತ ಉಪಯೋಗ ಆಗುತ್ತವೆ.

ಮೊದಲು ಏನು ನೋಟು ಎಂದು ಹೇಳಬೇಕು. ನಾನು ವಿಜಯಪುರದಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾಲ್ಕು ವರ್ಷದಿಂದ ಸಾಧ್ಯವಾದ ಭಾನುವಾರಗಳಲ್ಲೆಲ್ಲ ಊರಿನ ಹಳೆಯ ನೀರಿನ ಜಾಗಗಳಿಗೆ ಹೋಗುತ್ತೇನೆ. ಹೊರಗಿನವರಿಗೆ ನಮ್ಮೂರು ಎಂದರೆ ಗೋಳಗುಮ್ಮಟ. ಆದರೆ ಇಷ್ಟು ಕಡಿಮೆ ಮಳೆಯ ನೆಲದಲ್ಲಿ ಆದಿಲ್‌ಶಾಹಿಗಳು ಅಷ್ಟು ದೊಡ್ಡ ಊರಿಗೆ ನೀರು ಕುಡಿಸಿದ್ದು ಗುಮ್ಮಟಕ್ಕಿಂತ ಸಣ್ಣ ಕೆಲಸ ಅಲ್ಲ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, ತೊರವಿ ಕಡೆಯಿಂದ ನೆಲದೊಳಗೇ ನೀರು ತಂದ ಸುರಂಗ, 1651ರ ಬೇಗಂ ತಲಾಬ್ ಎಂಬ ಕೆರೆ, ಅಲ್ಲಿಂದ ಊರೊಳಗೆ ಬಂದ ಮಣ್ಣಿನ ಕೊಳವೆಗಳು. ಕೊಳವೆಯ ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರ ಕಟ್ಟಿದ್ದಾರೆ. ನೀರಿನ ಒತ್ತಡ ಕಡಿಮೆ ಆಗಲಿ, ಹೂಳು ಕೆಳಗೆ ಕೂರಲಿ ಎಂದು. ಎಷ್ಟೋ ಜನ ದಿನಾ ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಾರೆ, ಅದು ಏನು ಎಂದು ಗೊತ್ತಿಲ್ಲ. ಅದಕ್ಕೇ ಬರೆದುಕೊಳ್ಳಲು ಶುರು ಮಾಡಿದ್ದು.

ಮೊದಲ ಎರಡು ಸಂಜೆ: ಲೆಕ್ಕ

ಏನೂ ಅಲ್ಲಾಡಿಸದೆ ಬರೀ ಎಣಿಸಿದೆ. ಪೆನ್ನಿನಿಂದ ಬರೆದ ಪುಟ 186. ಟೈಪ್ ಮಾಡಿದ ನೋಟು 94. ಫೋಟೋ ಸುಮಾರು 2,300. ಹಿರಿಯರ ಮಾತಿನ ರೆಕಾರ್ಡಿಂಗ್ 41. ಹಳೆಯ ಕಂಪ್ಯೂಟರಿನಿಂದ ಬಂದ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲ್ 23. ಇವಲ್ಲದೆ ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಮೆಸೇಜುಗಳು.

ಟ್ಯಾಬ್ ಹತ್ತು ಇಂಚಿನ ಆ್ಯಂಡ್ರಾಯ್ಡ್, 64 ಜಿಬಿ, ಪೆನ್ನು ಜೊತೆಗೇ ಬಂದಿತ್ತು. 51 ಜಿಬಿ ತುಂಬಿತ್ತು. ಕೆಲಸಕ್ಕೆ ಕೈ ಹಾಕುವ ಮೊದಲು ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಓಟಿಜಿ ತಂತಿ ಇದ್ದರೆ ಟ್ಯಾಬ್‌ಗೇ ನೇರವಾಗಿ ಪೆನ್‌ಡ್ರೈವ್ ಸಿಕ್ಕಿಸಬಹುದು. ಈ ನಕಲು ಮೂರನೇ ವಾರದಲ್ಲಿ ನನ್ನನ್ನು ಉಳಿಸಿತು.

ಫೋಲ್ಡರುಗಳ ಹಿಂದೆ ಹೋಗಿ ಕಳೆದ ಮೂರು ರಾತ್ರಿ

ಮನೆ ಜೋಡಿಸುವ ರೂಢಿ ಇರುವವರು ಮೊದಲು ಡಬ್ಬಿ ತರುತ್ತಾರೆ, ಅಲ್ವಾ? ನಾನೂ ಹಾಗೇ ಮಾಡಿದೆ. ಬಾವಡಿಗೆ ಒಂದು ಫೋಲ್ಡರ್, ಕೆರೆಗೆ ಒಂದು, ಗಂಜಿಗೆ ಒಂದು, ಕೊಳವೆಗೆ ಒಂದು, ಶಾಸನಕ್ಕೆ ಒಂದು, ಹೀಗೆ ಹದಿನಾಲ್ಕು. ಮೊದಲ ರಾತ್ರಿ ಬಹಳ ಸಮಾಧಾನ ಅನಿಸಿತು. ಎರಡನೇ ರಾತ್ರಿ ಸಿಕ್ಕಿಬಿದ್ದೆ. ಬೇಗಂ ತಲಾಬಿನ ಕೊಳವೆಯ ದಾರಿಯಲ್ಲಿ ಇರುವ ಗಂಜ್ ಎಲ್ಲಿಗೆ ಹೋಗಬೇಕು? ಕೆರೆಗೋ, ಕೊಳವೆಗೋ, ಗಂಜಿಗೋ? ಅದರ ಬಗ್ಗೆ ಅಜ್ಜ ಒಬ್ಬರು ಹೇಳಿದ ಮಾತು? ಒಂದೇ ನೋಟನ್ನು ಮೂರು ಕಡೆ ನಕಲು ಮಾಡತೊಡಗಿದೆ. ಮೂರನೇ ರಾತ್ರಿ ಒಂದು ನಕಲನ್ನು ತಿದ್ದಿದೆ, ಉಳಿದ ಎರಡು ಹಾಗೇ ಉಳಿದವು. ಈಗ ಯಾವುದು ಸರಿ? ಅಲ್ಲಿಗೆ ಆ ಹದಿನಾಲ್ಕನ್ನೂ ಅಳಿಸಿದೆ.

ಈಗ ಇರುವುದು ನಾಲ್ಕೇ: ಬಂದದ್ದು, ಜಾಗ, ಮಾತು, ಚಿತ್ರ. ಹೊಸದೇನು ಬಂದರೂ ಮೊದಲು "ಬಂದದ್ದು" ಒಳಗೆ ಬೀಳುತ್ತದೆ. ಒಂದೊಂದು ಜಾಗಕ್ಕೂ "ಜಾಗ"ದಲ್ಲಿ ಒಂದೇ ಒಂದು ಪುಟ. ಯಾರಾದರೂ ಹೇಳಿದ್ದು "ಮಾತು". ಇಷ್ಟೇ. ಒಂದು ನೋಟು ಇನ್ನೊಂದಕ್ಕೆ ಸಂಬಂಧ ಇದ್ದರೆ ಅದನ್ನು ನಕಲು ಮಾಡುವುದಿಲ್ಲ, ಕೊಂಡಿ ಹಾಕುತ್ತೇನೆ.

ಇದಕ್ಕೆ ಅಬ್ಸಿಡಿಯನ್ ಆ್ಯಪ್ ಆರಿಸಿಕೊಂಡೆ. ಕಾರಣ ಒಂದೇ: ಅದರಲ್ಲಿ ಬರೆದದ್ದು ಸಾದಾ ಪಠ್ಯದ ಫೈಲಾಗಿ ನಮ್ಮದೇ ಫೋಲ್ಡರಿನಲ್ಲಿ ಕೂರುತ್ತದೆ. ನಾಳೆ ಆ ಆ್ಯಪ್ ಇಲ್ಲದಿದ್ದರೂ ಫೈಲ್ ಯಾವ ಫೋನಿನಲ್ಲಾದರೂ ತೆರೆಯುತ್ತದೆ. ನಾನು ಮೊದಲು ಬಳಸುತ್ತಿದ್ದ ಪೆನ್ನಿನ ನೋಟಿನ ಆ್ಯಪ್ ತನ್ನದೇ ಬಗೆಯ ಫೈಲ್ ಮಾಡುತ್ತಿತ್ತು. ಹೊರಗೆ ತೆಗೆಯಬೇಕೆಂದರೆ ಒಂದೊಂದೇ ಪುಟ ಪಿಡಿಎಫ್ ಮಾಡಬೇಕಿತ್ತು. 186 ಸಲ ಅದೇ ಬಟನ್ ಒತ್ತಿದ್ದೇನೆ. ಆ್ಯಪ್ ಆರಿಸುವಾಗ "ಹೊರಗೆ ಹೇಗೆ ತೆಗೆಯುವುದು" ಎಂದು ಮೊದಲೇ ನೋಡಿಕೊಳ್ಳಿ.

ಕೊಂಡಿ ಹಾಕುವುದು ಸುಲಭ. ಹೆಸರನ್ನು ಎರಡೆರಡು ಚೌಕ ಬ್ರಾಕೆಟ್ ನಡುವೆ ಬರೆದರೆ ಆಯಿತು. ಗಂಜಿನ ಪುಟದಲ್ಲಿ ಬೇಗಂ ತಲಾಬ್ ಎಂದು ಹಾಗೆ ಬರೆದರೆ ಕೆರೆಯ ಪುಟಕ್ಕೂ ಗೊತ್ತಾಗುತ್ತದೆ, ನನ್ನನ್ನು ಯಾರು ಯಾರು ಹೆಸರಿಸಿದ್ದಾರೆ ಎಂದು.

ಫೈಲಿನ ಹೆಸರಿನ ಬಗ್ಗೆ ಒಂದು ಮಾತು. ದಿನಾಂಕ ಮೊದಲು, ಅದರಲ್ಲೂ ವರ್ಷ ಮೊದಲು: 2023-01-08. ನಾವು ರೂಢಿಯಲ್ಲಿ ಬರೆಯುವ ಹಾಗೆ 08-01-2023 ಎಂದು ಇಟ್ಟರೆ ಟ್ಯಾಬ್ ಎಲ್ಲ ತಿಂಗಳ ಎಂಟನೇ ತಾರೀಖನ್ನೂ ಒಂದೇ ಕಡೆ ಕೂರಿಸುತ್ತದೆ. ತಿಂಗಳು ಒಂದಂಕಿ ಆದರೆ ಮುಂದೆ ಸೊನ್ನೆ ಬೇಕೇ ಬೇಕು. ಹೆಸರಿನಲ್ಲಿ ಸಮಯ ಬರೆಯುವಾಗ 10:30 ಎಂದರೆ ಒಪ್ಪುವುದಿಲ್ಲ, 10-30 ಎಂದು ಬರೆಯಬೇಕು.

ಕಾಣದ ಅಕ್ಷರ

ಟೈಪ್ ಮಾಡಿದ ನೋಟುಗಳನ್ನೆಲ್ಲ ಒಳಗೆ ಹಾಕಿ, ಖುಷಿಯಿಂದ "ಗಂಜ್ ಎತ್ತರ" ಎಂದು ಹುಡುಕಿದೆ. ಏಳು ಸಿಕ್ಕವು. ನನಗೆ ಗೊತ್ತಿದ್ದ ಹಾಗೆ ಇನ್ನೂ ಜಾಸ್ತಿ ಇರಬೇಕಿತ್ತು. ಒಂದು ಫೈಲನ್ನು ಕೈಯಾರೆ ತೆರೆದು ನೋಡಿದೆ. ಕಣ್ಣೆದುರಿಗೇ "ಗಂಜ್‌ ಎತ್ತರ" ಎಂದು ಇದೆ, "ಗಂಜ್ ಎತ್ತರ" ಎಂದು ಹುಡುಕಿದರೆ ಇಲ್ಲ ಅನ್ನುತ್ತದೆ!

ಮಗಳು ಎಂಜಿನಿಯರಿಂಗ್ ಎರಡನೇ ವರ್ಷ, ರಜೆಗೆ ಬಂದಿದ್ದಳು. ಟ್ಯಾಬ್ ತೆಗೆದುಕೊಂಡು ಆ "ಗಂಜ್‌" ಮುಂದೆ ಕರ್ಸರ್ ಇಟ್ಟು ಅಳಿಸುವ ಕೀಲಿ ಒಂದು ಸಲ ಒತ್ತಿದಳು. ಏನೂ ಬದಲಾಗಲಿಲ್ಲ. ಇನ್ನೊಂದು ಸಲ ಒತ್ತಿದಳು. ಈಗ "ಗಂಜ" ಆಯಿತು.

"ಅವ್ವಾ, ಇಲ್ಲಿ ಒಂದು ಕಾಣದ ಅಕ್ಷರ ಐತಿ ನೋಡು. ಮೊದಲನೇ ಸಲ ಅದು ಹೋತು."

ಅದರ ಕೆಲಸ ಅಕ್ಷರಗಳು ಒತ್ತಾಗಿ ಕೂಡದ ಹಾಗೆ ತಡೆಯುವುದು. "ಮಹಲ್‌ಗೆ" ಎಂದು ಬರೆಯಬೇಕಾದರೆ ಲ್ ಮತ್ತು ಗೆ ನಡುವೆ ಅದು ಬೇಕು. ಇಲ್ಲದಿದ್ದರೆ "ಮಹಲ್ಗೆ" ಆಗುತ್ತದೆ. ಅಂದರೆ ಪದದ ನಡುವೆ ಅದಕ್ಕೆ ಕೆಲಸ ಇದೆ. ಆದರೆ ಕೆಲವು ಟೈಪಿಂಗ್ ಪದ್ಧತಿಗಳು ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಗೂ ಅದನ್ನು ಸುಮ್ನೆ ಸೇರಿಸಿಬಿಡುತ್ತವೆ. ನಾನು ಕಂಪ್ಯೂಟರಿನಲ್ಲಿ ಒಂದು ರೀತಿ, ಟ್ಯಾಬ್‌ನಲ್ಲಿ ಇನ್ನೊಂದು ರೀತಿ ಟೈಪ್ ಮಾಡಿದ್ದೆ. ಕಣ್ಣಿಗೆ ಒಂದೇ ಪದ, ಹುಡುಕುವ ಯಂತ್ರಕ್ಕೆ ಎರಡು ಪದ. ತಾಜ್, ಗಂಜ್, ತಲಾಬ್, ಮಹಲ್. ನಮ್ಮೂರಿನ ಹೆಸರುಗಳಲ್ಲಿ ಅರ್ಧಾಕ್ಷರದ ಕೊನೆಯೇ ಜಾಸ್ತಿ. ಏಟು ಬಿದ್ದದ್ದು ಸರಿಯಾಗಿ ಅಲ್ಲೇ.

ನುಡಿ ಫೈಲುಗಳದು ಬೇರೆ ಕಥೆ. ಹಳೆಯ ಫಾಂಟಿನ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತಿದ್ದರು. ಆಗ ಬೇರೆ ದಾರಿ ಇರಲಿಲ್ಲ. ಆ ಫಾಂಟ್ ಇಲ್ಲದ ಟ್ಯಾಬ್‌ನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತದೆ. ಹೆದರಬೇಡಿ, ಅಳಿಸಲೂಬೇಡಿ. ಯುನಿಕೋಡ್‌ಗೆ, ಅಂದರೆ ಈಗ ಎಲ್ಲ ಯಂತ್ರಗಳೂ ಓದುವ ಅಕ್ಷರ ಪದ್ಧತಿಗೆ, ತಿರುಗಿಸುವ ಪರಿವರ್ತಕಗಳು ಇವೆ, 23 ಫೈಲೂ ಅರ್ಧ ಗಂಟೆಯಲ್ಲಿ ಮುಗಿದವು. ಆದರೆ ತಿರುಗಿಸಿದ ಕೆಲವು ಫೈಲುಗಳಲ್ಲಿ "ಕೋಟೆ" ಎಂದು ಹುಡುಕಿದರೆ ಸಿಗಲಿಲ್ಲ. ಮಗಳು ಬಿಡಿಸಿ ತೋರಿಸಿದಳು: ಕೋ ಎಂಬಲ್ಲಿನ ಓತ್ವವನ್ನು ಒಂದೇ ಗುರುತಾಗಿಯೂ ಇಡಬಹುದು, ಎತ್ವ, ಕೊಂಬು, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ನೋಡಲು ಎರಡೂ ಒಂದೇ.

ಅವಳು ಲ್ಯಾಪ್‌ಟಾಪಿನಲ್ಲಿ ಪೈಥಾನ್‌ನಲ್ಲಿ ಹತ್ತು ಸಾಲಿನ ಒಂದು ಪ್ರೋಗ್ರಾಂ ಬರೆದಳು. ತುಂಡಾದ ಗುರುತುಗಳನ್ನು ಕೂಡಿಸುವುದು, ಕಾಣದ ಅಕ್ಷರವನ್ನು ತೆಗೆಯುವುದು. ನಾನು ಆತುರ ಮಾಡಿದೆ. "ಎಲ್ಲಾ ಕಡೆ ತೆಗಿ" ಅಂದೆ. ಓಡಿಸಿದೆವು. ಹುಡುಕಾಟ ಚೆನ್ನಾಗಿ ಬಂತು. ಮರುದಿನ ಬೆಳಿಗ್ಗೆ ಓದುತ್ತಾ ಕೂತರೆ "ಅಸರ್ ಮಹಲ್ಗೆ", "ಆದಿಲ್ಶಾಹಿ", "ತಾಜ್ಬಾವಡಿ". ಪದದ ನಡುವೆ ಬೇಕಾಗಿದ್ದವೂ ಹೋಗಿದ್ದವು. ಮೊದಲ ದಿನದ ಪೆನ್‌ಡ್ರೈವ್ ಇಲ್ಲದಿದ್ದರೆ ನೂರಕ್ಕೂ ಜಾಸ್ತಿ ಫೈಲುಗಳನ್ನು ಕೈಯಿಂದ ತಿದ್ದಬೇಕಾಗುತ್ತಿತ್ತು.

ನಕಲನ್ನು ಮತ್ತೆ ತಂದು ಎರಡನೇ ಸಲ ಸರಿಯಾಗಿ ಮಾಡಿದೆವು. ಕಾಣದ ಅಕ್ಷರದ ಮುಂದೆ ಖಾಲಿ ಜಾಗ, ಚುಕ್ಕೆ, ಅಲ್ಪವಿರಾಮ ಅಥವಾ ಸಾಲಿನ ಕೊನೆ ಇದ್ದರೆ ಮಾತ್ರ ತೆಗೆಯುವುದು. ಮುಂದೆ ಇನ್ನೊಂದು ಕನ್ನಡ ಅಕ್ಷರ ಇದ್ದರೆ ಮುಟ್ಟುವ ಹಾಗಿಲ್ಲ. "ರ್‍ಯಾಲಿ" ಎಂಬಂಥ ಪದಗಳಲ್ಲಿ ಇರುವುದು ಅದರ ಜೊತೆಗಾರ ಅಕ್ಷರ, ಅದನ್ನಂತೂ ಮುಟ್ಟಲೇಬಾರದು.

ಕೊನೆಯ ಗುರುತು ಬಿಟ್ಟು ಹುಡುಕುವುದು

ಇಷ್ಟಾದ ಮೇಲೂ "ಗಂಜ್" ಎಂದರೆ ಹತ್ತೊಂಬತ್ತೇ. ನನಗೆ ಗೊತ್ತಿದ್ದ ಹಾಗೆ ಮೂವತ್ತಾದರೂ ಇರಬೇಕಿತ್ತು. ಉಳಿದವು ಎಲ್ಲಿ?

ಇದು ನನಗೇ ಹೊಳೆಯಿತು, ವ್ಯಾಕರಣ ಓದಿದವಳಿಗೆ ಮೊದಲೇ ಹೊಳೆಯಬೇಕಿತ್ತು. ಕನ್ನಡದಲ್ಲಿ ಪದ ಒಂಟಿಯಾಗಿ ಎಲ್ಲಿ ಬರುತ್ತದೆ? ಗಂಜಿನ, ಗಂಜಿಗೆ, ಗಂಜುಗಳು, ಗಂಜಲ್ಲಿ. "ಗಂಜ್" ಎಂದು ಅರ್ಧಾಕ್ಷರ ಕೊಟ್ಟು ಹುಡುಕಿದರೆ "ಗಂಜಿನ" ಸಿಗುವುದಿಲ್ಲ, ಅಲ್ಲಿ ಜ್ ಇಲ್ಲ, ಜಿ ಇದೆ. ಆದರೆ ಬರೀ "ಗಂಜ" ಎಂದು ಕೊಟ್ಟರೆ ಎಲ್ಲವೂ ಸಿಗುತ್ತವೆ. ಯಾಕೆಂದರೆ ಟ್ಯಾಬ್‌ನ ಒಳಗೆ ಜ ಮೊದಲು, ಅದರ ಗುಡಿಸು, ಕೊಂಬು, ಅರ್ಧದ ಗುರುತು ಆಮೇಲೆ. ಕೊನೆಯ ಗುರುತು ಬಿಟ್ಟರೆ ಬೇರು ಉಳಿಯುತ್ತದೆ.

ಅಂದಿನಿಂದ ಹುಡುಕುವ ಪದದ ಕೊನೆಯ ಗುರುತನ್ನು ಬಿಟ್ಟೇ ಟೈಪ್ ಮಾಡುತ್ತೇನೆ. "ಕೋಟ" ಎಂದರೆ ಕೋಟೆ, ಕೋಟೆಯ, ಕೋಟೇಲಿ ಎಲ್ಲ ಬರುತ್ತವೆ. "ಮೆಟ್ಟ" ಎಂದರೆ ಮೆಟ್ಟಿಲು, ಮೆಟ್ಟಲು ಎರಡೂ. "ಬಾವ" ಎಂದರೆ ಬಾವಿ, ಬಾವಡಿ, ಬಾವ್ಡಿ ಮೂರೂ. ಯಾವ ಹೊಸ ಆ್ಯಪೂ ಬೇಡ, ಇದೊಂದು ರೂಢಿ ಸಾಕು. ಆರು ವಾರದಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಇದೇ.

ಆದರೂ ಕೆಲವು ಹೆಸರು ಬೇರಿನಲ್ಲೇ ಬೇರೆ. ನಮ್ಮೂರನ್ನೇ ನೋಡಿ. 2014ರ ನವೆಂಬರ್ 1ರಿಂದ ಕಾಗದದಲ್ಲಿ ವಿಜಯಪುರ. ಅದಕ್ಕೂ ಹಿಂದಿನ ನನ್ನ ಕಾಗದಗಳಲ್ಲಿ ಬಿಜಾಪುರ. ಮಾತಿನಲ್ಲಿ ಇವತ್ತಿಗೂ ವಿಜಾಪುರ. ಅದಕ್ಕಾಗಿ ಪ್ರತಿ ಜಾಗದ ಪುಟದ ತಲೆಯ ಮೇಲೆ "ಇನ್ನೊಂದು ಹೆಸರು" ಎಂಬ ಸಾಲು ಇಟ್ಟೆ. ಅಬ್ಸಿಡಿಯನ್‌ನಲ್ಲಿ ಇದಕ್ಕೆ ಅಲಿಯಾಸ್ ಎಂಬ ಜಾಗವೇ ಇದೆ. ಜನ ಹೇಳುವ ಎಲ್ಲ ಹೆಸರೂ ಅಲ್ಲಿ ಹೋಗುತ್ತವೆ, ಕಾಗುಣಿತ ಹೇಗಿದ್ದರೂ.

"ಮಾತು" ಫೋಲ್ಡರಿನಲ್ಲಿ ಮಾತ್ರ ಏನನ್ನೂ ತಿದ್ದುವುದಿಲ್ಲ. ಅಜ್ಜ "ಬಾವ್ಡಿ" ಅಂದರೆ ಬಾವ್ಡಿ. ನಮ್ಮೂರಿನಲ್ಲಿ ವಕೀಲಿ ಮಾಡುತ್ತಲೇ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ಅವರ ಹೆಸರು ಹೇಳಿ ನನ್ನ ಕೆಲಸ ಅಳೆಯುತ್ತಿಲ್ಲ. ಸಿಕ್ಕಿದ್ದನ್ನು ಸಿಕ್ಕ ಹಾಗೆ ಇಡಬೇಕು ಎಂಬ ಮರ್ಯಾದೆ ಈ ಊರಿನಲ್ಲಿ ಬಹಳ ಹಿಂದಿನಿಂದ ಇದೆ, ಅಷ್ಟೇ.

ಪೆನ್ನಿನ ಪುಟಗಳು

ಇದು ಬೇಸರದ ಕೆಲಸ. ನನ್ನ ಕೈಬರಹವನ್ನು ಓದಿಸಿ ಪಠ್ಯ ಮಾಡುವ ಪ್ರಯತ್ನ ಮಾಡಿದೆ. ಬಾವಡಿಯ ಕಟ್ಟೆಯ ಮೇಲೆ ನಿಂತು ಬರೆದ ಅಕ್ಷರ, ನನಗೇ ಕೆಲವೊಮ್ಮೆ ತಿಳಿಯುವುದಿಲ್ಲ. ಬಂದ ಪಠ್ಯ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಮೇಲು ಅನಿಸಿತು.

ಕೊನೆಗೆ ಕಂಡುಕೊಂಡ ದಾರಿ: ಪುಟದ ಪಿಡಿಎಫ್ ಹಾಗೇ ಇರಲಿ, ಅದರ ಜೊತೆ ಮೂರು ನಾಲ್ಕು ಸಾಲಿನ ಪಠ್ಯ ಇರಲಿ. ಎಲ್ಲಿ, ಯಾವಾಗ, ಏನು ನೋಡಿದೆ, ಯಾವ ಅಳತೆ. ಚಿತ್ರ ಬಿಡಿಸಿದ್ದರೆ "ಚಿತ್ರ ಇದೆ" ಎಂದು. ಟೈಪ್ ಮಾಡಲಿಲ್ಲ, ಕೀಬೋರ್ಡಿನ ಮೈಕ್ ಒತ್ತಿ ನನ್ನ ನೋಟನ್ನು ನಾನೇ ಗಟ್ಟಿಯಾಗಿ ಓದಿದೆ. ನಿಧಾನವಾಗಿ ಓದಿದರೆ ಕನ್ನಡ ಚೆನ್ನಾಗಿ ಬರುತ್ತದೆ. ಊರಿನ ಪದಗಳಲ್ಲಿ ಮಾತ್ರ ಎಚ್ಚರ ಬೇಕು. ಹತ್ತು ಸಲ ಗಂಜ್ ಅಂದರೆ ಆರು ಸಲ "ಗಂಜಿ" ಎಂದು ಬರೆಯಿತು. ಅದನ್ನು ತಿದ್ದದೆ ಬಿಟ್ಟಿದ್ದರೆ ನನ್ನ ನೀರಿನ ಗೋಪುರಗಳೆಲ್ಲ ಗಂಜಿಯ ಗೋಪುರಗಳಾಗಿರುತ್ತಿದ್ದವು.

ಒಂದು ಪುಟಕ್ಕೆ ಐದು ನಿಮಿಷ, ದಿನಕ್ಕೆ ಹತ್ತು ಪುಟ. ಹತ್ತೊಂಬತ್ತು ಸಂಜೆ ಹಿಡಿಯಿತು. ರಜೆ ಮುಗಿದು ಶಾಲೆ ಶುರುವಾಗಿತ್ತು, ಸಂಜೆ ಚಹಾ ಕುಡಿದು ಕೂತರೆ ರೊಟ್ಟಿ ಬಡಿಯುವ ಹೊತ್ತಿಗೆ ಏಳುತ್ತಿದ್ದೆ.

ಫೋಟೋಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2,300ರಲ್ಲಿ 340 ಇಟ್ಟೆ. ಒಂದೇ ಕಮಾನಿನ ಹನ್ನೆರಡು ಫೋಟೋ ಯಾಕೆ ಬೇಕು? ಒಂದು ಎಚ್ಚರಿಕೆ: ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದರಲ್ಲಿ ತೆಗೆದ ದಿನ, ಜಾಗದ ವಿವರ ಇರುವುದಿಲ್ಲ. ಫೈಲಿನ ಹೆಸರಿನಲ್ಲಿ ಇರುವ ದಿನಾಂಕ ಅದು ತೆಗೆದ ದಿನದ್ದಲ್ಲ. ನಾನು ಎರಡು ಫೋಟೋಗಳಿಗೆ ತಪ್ಪು ಮಳೆಗಾಲ ಬರೆದುಬಿಟ್ಟಿದ್ದೆ. ಈಗ ಯಾರಾದರೂ ಫೋಟೋ ಕೊಡುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ.

ಮಾತುಗಳು

ಇದರ ಮೇಲೆ ಜಾಸ್ತಿ ಹೊತ್ತು ಕಳೆದೆ, ಬೇಕಂತಲೇ. ಕಲ್ಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮಾತು ಹೇಳಿದವರಲ್ಲಿ ಮೂವರು ಈಗಾಗಲೇ ಇಲ್ಲ.

41 ರೆಕಾರ್ಡಿಂಗ್ ಎಲ್ಲವನ್ನೂ ಪೂರ್ತಿ ಕೇಳಿದೆ. ಪೂರ್ತಿ ಬರೆಯಲಿಲ್ಲ, ಅದು ಆಗುವ ಕೆಲಸ ಅಲ್ಲ. ಎಷ್ಟನೇ ನಿಮಿಷದಲ್ಲಿ ಏನು ಎಂದು ಸಾಲು ಸಾಲಾಗಿ ಬರೆದೆ. ಒಂದು ಹೀಗಿದೆ:

00-40 ಬಾವಡಿಯಲ್ಲಿ ಈಜು ಕಲಿತದ್ದು, ಸೊಂಟಕ್ಕೆ ಒಣಗಿದ ಸೋರೆಕಾಯಿ
04-10 ಕಪಿಲೆ ಹೊಡೆಯುವಾಗ ಎತ್ತು ಹಿಂದಕ್ಕೆ ನಡೆಯುವುದು
07-25 ನೀರು ಬತ್ತಿದ ಬೇಸಿಗೆ, ಕೆಳಗಿನ ಮೆಟ್ಟಿಲು ಕಂಡದ್ದು
09-00 (ಹೊರಗೆ ಹೇಳಬೇಡ ಅಂದಿದ್ದಾರೆ)

ಆ ಕೊನೆಯ ಸಾಲು ನೋಡಿ. ಅದನ್ನು ಹೇಳುವಾಗ ಅಜ್ಜ ನನ್ನ ಕೈ ಹಿಡಿದು "ಇದು ನಿಮಗಷ್ಟ ಹೇಳಿದೆ ಅಕ್ಕೋರ" ಅಂದಿದ್ದರು. ನನಗೆ ಅದು ಮರೆತೇ ಹೋಗಿತ್ತು. ಪೂರ್ತಿ ಕೇಳದಿದ್ದರೆ ಮಕ್ಕಳ ಮುಂದೆ ಹಾಕಿಬಿಡುತ್ತಿದ್ದೆ. ಈಗ ಪ್ರತಿ ಮಾತಿನ ನೋಟಿನಲ್ಲೂ "ಯಾರಿಗೆ ಕೇಳಿಸಬಹುದು" ಎಂಬ ಸಾಲು ಇದೆ. ಹೊಸ ರೆಕಾರ್ಡಿಂಗ್ ಶುರು ಮಾಡುವ ಮೊದಲು ದಿನಾಂಕ, ಜಾಗ ನಾನೇ ಗಟ್ಟಿಯಾಗಿ ಹೇಳುತ್ತೇನೆ. ಫೈಲಿನ ಹೆಸರು ಏನೇ ಆಗಲಿ, ಅದು ದನಿಯಲ್ಲೇ ಉಳಿಯುತ್ತದೆ.

ಪರೀಕ್ಷೆ

ಆರನೇ ವಾರ ಮಗಳು ಹುಬ್ಬಳ್ಳಿಯಿಂದ ಫೋನಿನಲ್ಲೇ ಹತ್ತು ಪ್ರಶ್ನೆ ಕೇಳಿದಳು. ಒಂದೊಂದಕ್ಕೆ ಒಂದು ನಿಮಿಷ. ಎಂಟು ಸಿಕ್ಕವು. ಕಮಾನಿನ ಅಗಲ ಹನ್ನೊಂದು ಸೆಕೆಂಡಿನಲ್ಲಿ ಸಿಕ್ಕಿತು! ಸಿಗದ ಎರಡರಲ್ಲಿ ಒಂದು ಫೋಟೋದ ಒಳಗಿದ್ದ ಫಲಕದ ಬರಹ, ಅದನ್ನು ನಾನು ಪಠ್ಯ ಮಾಡಿರಲಿಲ್ಲ. ಇನ್ನೊಂದು ಮಳೆಯಲ್ಲಿ ಬರೆದ ಪುಟ, ನನಗೂ ಓದಲು ಬರಲಿಲ್ಲ. ಅಂಥ ಹದಿನಾಲ್ಕು ಪುಟ ಇನ್ನೂ "ಬಂದದ್ದು" ಒಳಗೇ ಇವೆ. ಆ ಜಾಗಗಳಿಗೆ ಮತ್ತೊಮ್ಮೆ ಹೋಗಿಯೇ ಬರೆಯಬೇಕು.

ನಕಲು ಈಗ ಪ್ರತಿ ತಿಂಗಳ ಮೊದಲ ಭಾನುವಾರ, ಎರಡು ಪೆನ್‌ಡ್ರೈವ್‌ಗೆ. ಒಂದು ಮನೆಯಲ್ಲಿ, ಒಂದು ಶಾಲೆಯ ಕಪಾಟಿನಲ್ಲಿ. ನಕಲು ಮಾಡಿದ ಮೇಲೆ ಅದರಿಂದ ಒಂದು ಫೈಲನ್ನು ಫೋನಿನಲ್ಲಿ ತೆರೆದು ನೋಡುತ್ತೇನೆ.

ಮೊನ್ನೆ ಭಾನುವಾರ ಊರ ಹೊರಗಿನ ಒಂದು ಸಣ್ಣ ಬಾವಡಿಗೆ ಹೋಗಿದ್ದೆ. ನನ್ನ ಪುಟದಲ್ಲಿ ಅದಕ್ಕೆ ಎರಡು ಹೆಸರಿದ್ದವು. ಪಕ್ಕದ ಹೊಲದಲ್ಲಿ ತೊಗರಿಗೆ ನೀರು ಬಿಡುತ್ತಿದ್ದ ಅಮ್ಮನನ್ನು ಕೇಳಿದೆ.

"ಯಕ್ಕಾ, ಇದಕ ಏನಂತೀರಿ?"

"ಇದಾ? ನಮ್ಮತ್ತಿ ಇದಕ ಸೊಸಿ ಬಾವಿ ಅಂತಿದ್ಲಬೇ. ಯಾಕಂದ್ರ ನಂಗೊತ್ತಿಲ್ಲ."

ಅಲ್ಲೇ ಬದುವಿನ ಮೇಲೆ ಕೂತು ಪುಟ ತೆರೆದೆ, "ಇನ್ನೊಂದು ಹೆಸರು" ಸಾಲಿನಲ್ಲಿ ಮೂರನೆಯದಾಗಿ ಸೇರಿಸಿದೆ: ಸೊಸಿ ಬಾವಿ.